ಗುಡಿಗಳನ್ನು ಬರೆದವರು

ಬಾದಾಮಿಯ ಅಗಸ್ತ್ಯ ಹೊಂಡದ ಮೆಟ್ಟಿಲುಗಳ ಮೇಲೆ ಬೆಳಗಿನ ಹೊತ್ತಿನಲ್ಲಿ ಎರಡು ಬಗೆಯ ಜನ ಕಾಣಸಿಗುತ್ತಾರೆ. ಬಟ್ಟೆ ಒಗೆಯಲು ಬಂದ ಊರ ಹೆಂಗಸರು ಒಂದು ಕಡೆ. ಮೊಣಕಾಲ ಮೇಲೆ ಹಲಗೆ ಇಟ್ಟುಕೊಂಡು, ಹೊಂಡದ ನೀರನ್ನೇ ಲೋಟದಲ್ಲಿ ತುಂಬಿಕೊಂಡು ಕುಳಿತ ಚಿತ್ರಕಲಾ ವಿದ್ಯಾರ್ಥಿಗಳು ಇನ್ನೊಂದು ಕಡೆ. ಎದುರಿಗೆ ಭೂತನಾಥನ ಗುಡಿ, ಅದರ ಹಿಂದೆ ಕೆಂಪು ಬಂಡೆ, ಕೆಳಗೆ ನೀರಿನಲ್ಲಿ ಅವೆರಡರ ನೆರಳು. ಪ್ರವಾಸಿಗರು ಬಂದು ಛಾಯಾಚಿತ್ರ ತೆಗೆದುಕೊಂಡು ಎರಡು ನಿಮಿಷದಲ್ಲಿ ಹೊರಡುತ್ತಾರೆ. ಚಿತ್ರ ಬರೆಯುವವರು ಮಾತ್ರ ಬಿಸಿಲು ಏರುವ ತನಕ ಏಳುವುದಿಲ್ಲ.

ಕ್ಯಾಮೆರಾ ಎಲ್ಲರ ಕಿಸೆಯಲ್ಲೂ ಇರುವ ಕಾಲದಲ್ಲಿ ಒಂದು ಕಟ್ಟಡವನ್ನು ಲೇಖನಿಯಿಂದಲೋ ಜಲವರ್ಣದಿಂದಲೋ ಬರೆಯುವುದರ ಅರ್ಥವೇನು? ಈ ಪ್ರಶ್ನೆ ಇಂದಿನದೇ ಎಂದು ತೋರಬಹುದು. ಆದರೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳ ಮಟ್ಟಿಗೆ ಇದು ನೂರೈವತ್ತು ವರ್ಷಗಳಿಗೂ ಹಿಂದಿನದು. ಇಲ್ಲಿನ ಗುಡಿಗಳನ್ನು ಹೊರಜಗತ್ತಿಗೆ ತೋರಿಸಿದ ಕೆಲಸದಲ್ಲಿ ಕ್ಯಾಮೆರಾ ಮತ್ತು ಲೇಖನಿ ಎರಡೂ ಇದ್ದವು. ಎರಡೂ ಒಂದೇ ಗುಡಿಯನ್ನು ನೋಡಿ ಬೇರೆಬೇರೆ ಮಾತು ಹೇಳಿದ್ದೂ ಉಂಟು.

ದಾರ ಹಿಡಿದವರು

ಗುಡಿಗಳನ್ನು ಮೊದಲು ಬರೆದವರು ಅವುಗಳನ್ನು ಕಟ್ಟಿದವರೇ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಎಂಟನೆಯ ಶತಮಾನದ್ದು. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಇದನ್ನು ಕಟ್ಟಿಸಿದಳು. ಇಲ್ಲಿನ ಶಾಸನಗಳಲ್ಲಿ ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನ ಹೆಸರಿದೆ, ಸರ್ವಸಿದ್ಧಿ ಆಚಾರಿಯ ಹೆಸರಿದೆ. ಅವರಿಗೆ ಸಂದಿರುವ 'ಸೂತ್ರಧಾರಿ' ಎಂಬ ಮಾತನ್ನು ಗಮನಿಸಬೇಕು. ಸೂತ್ರ ಎಂದರೆ ದಾರ. ನೆಲದ ಮೇಲೆ ದಾರ ಎಳೆದು, ಗೂಟ ನೆಟ್ಟು, ಗರ್ಭಗುಡಿಯ ಅಳತೆಯನ್ನು ಮೂಡಿಸುವವನೇ ಸೂತ್ರಧಾರಿ. ಕಲ್ಲು ಏಳುವ ಮುನ್ನ ಗುಡಿ ನೆಲದ ಮೇಲೆ ಗೆರೆಯಾಗಿ ಇರುತ್ತಿತ್ತು.

ಆ ಗೆರೆಗಳು ಗುಡಿ ಮೇಲೆದ್ದಂತೆ ಅದರ ಅಡಿಯಲ್ಲೇ ಮುಚ್ಚಿಹೋಗುತ್ತವೆ. ಮಧ್ಯಪ್ರದೇಶದ ಭೋಜಪುರದಲ್ಲಿ ಮಾತ್ರ, ಗುಡಿ ಪೂರ್ತಿಯಾಗದೆ ನಿಂತುಹೋದದ್ದರಿಂದ, ಸುತ್ತಲಿನ ಬಂಡೆಗಳ ಮೇಲೆ ಶಿಲ್ಪಿಗಳು ಕೊರೆದ ಹನ್ನೊಂದನೆಯ ಶತಮಾನದ ನಕ್ಷೆಗಳು ಇಂದಿಗೂ ಕಾಣುತ್ತವೆ. ಚಾಲುಕ್ಯರ ನಾಡಿನಲ್ಲಿ ಶಿಲ್ಪಿಗಳು ಬರೆದ ಗುಡಿಯ ಚಿತ್ರವನ್ನು ಬೇರೆ ಕಡೆ ಹುಡುಕಬೇಕು: ಗುಡಿಯ ಮೈಮೇಲೆಯೇ. ಗೋಡೆಯ ಗೂಡುಗಳ ಮೇಲೆ, ಶಿಖರದ ಅಂತಸ್ತುಗಳ ಅಂಚಿನಲ್ಲಿ ಸಾಲಾಗಿ ನಿಂತ ಚಿಕ್ಕ ಚಿಕ್ಕ ಗುಡಿಗಳ ರೂಪಗಳಿವೆ. ಚೌಕದ್ದು ಕೂಟ, ಉದ್ದನೆಯದು ಶಾಲೆ. ಒಂದು ಗುಡಿಯ ಮೇಲೆ ಹತ್ತಾರು ಗುಡಿಗಳನ್ನು ಬಿಡಿಸಿದ ಶಿಲ್ಪಿಗೆ ಕಟ್ಟಡವೇ ಮೆಚ್ಚಿನ ಚಿತ್ರವಸ್ತುವಾಗಿತ್ತು ಎನ್ನಬಹುದು.

ಕ್ಯಾಮೆರಾ ಮೊದಲು ಬಂತು

1818ರಲ್ಲಿ ಥಾಮಸ್ ಮನ್ರೊ ಬಾದಾಮಿ ಕೋಟೆಯನ್ನು ಹಿಡಿದ ಮೇಲೆ ಈ ಭಾಗಕ್ಕೆ ಇಂಗ್ಲಿಷ್ ಅಧಿಕಾರಿಗಳ ಓಡಾಟ ಹೆಚ್ಚಿತು. ಆ ಕಾಲದ ಸೇನಾ ಅಧಿಕಾರಿಗಳಿಗೆ ರೇಖಾಚಿತ್ರ ಮತ್ತು ಜಲವರ್ಣ ಹವ್ಯಾಸ ಮಾತ್ರವಲ್ಲ, ತರಬೇತಿಯ ಭಾಗವೂ ಆಗಿತ್ತು. ಕೋಟೆಯ ಗೋಡೆ, ಹೊಳೆಯ ತಿರುವು, ಗುಡ್ಡದ ಏರು ಇವುಗಳನ್ನು ಕಾಗದಕ್ಕೆ ಇಳಿಸಲು ಬಾರದ ಎಂಜಿನಿಯರನಿಂದ ಸೈನ್ಯಕ್ಕೆ ಪ್ರಯೋಜನವಿರಲಿಲ್ಲ. ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಕಾದಂಬರಿಕಾರನಷ್ಟೇ ಅಲ್ಲ, ದಖ್ಖನಿನ ನೋಟಗಳನ್ನು ಬರೆದು 1837ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ ಚಿತ್ರಕಾರನೂ ಹೌದು.

ಆದರೂ ಬಾದಾಮಿ, ಐಹೊಳೆಗಳ ವಿಷಯದಲ್ಲಿ ಕ್ಯಾಮೆರಾ ಬಹು ಬೇಗ ಬಂತು. 1855ರಲ್ಲಿ ಮುಂಬಯಿ ಸರಕಾರ ಫಿರಂಗಿ ದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಛಾಯಾಗ್ರಾಹಕನನ್ನಾಗಿ ನೇಮಿಸಿತು. ಅವನು ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿ ಚಿತ್ರ ತೆಗೆದ. ಆಗಿನ ಉದ್ದೇಶ ಸ್ಪಷ್ಟವಾಗಿತ್ತು: ಕೈಯಿಂದ ಬರೆಯುವುದು ನಿಧಾನ, ಖರ್ಚು ಹೆಚ್ಚು, ತಪ್ಪಿಗೂ ಎಡೆ, ಕ್ಯಾಮೆರಾ ಸುಳ್ಳು ಹೇಳುವುದಿಲ್ಲ. ಬಿಗ್ಸ್ ಮತ್ತಿತರರ ಚಿತ್ರಗಳ ಮೂಲಪ್ರತಿಗಳನ್ನೇ ಪುಟಗಳಿಗೆ ಅಂಟಿಸಿ 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಸೀಮೆಯ ವಾಸ್ತುಶಿಲ್ಪದ ಬಗ್ಗೆ ದೊಡ್ಡ ಗ್ರಂಥವೊಂದು ಹೊರಬಂತು. ಅದಕ್ಕೆ ಇತಿಹಾಸ ಬರೆದವನು ಟೇಲರ್, ವಾಸ್ತುವಿನ ವಿವರಣೆ ಕೊಟ್ಟವನು ಜೇಮ್ಸ್ ಫರ್ಗ್ಯುಸನ್.

ಫರ್ಗ್ಯುಸನ್‌ನದು ವಿಚಿತ್ರ ಜೀವನ. ಬಂಗಾಳದಲ್ಲಿ ನೀಲಿ ಬೆಳೆಯ ವ್ಯಾಪಾರ ಮಾಡಿ ಹಣ ಗಳಿಸಿ, ಆ ಹಣದಲ್ಲಿ ಭಾರತ ಸುತ್ತಿ ಕಟ್ಟಡಗಳ ಚಿತ್ರ ಬರೆದವನು. ಅವನ ಕೈಯಲ್ಲಿದ್ದ ಸಾಧನ ಕ್ಯಾಮೆರಾ ಲೂಸಿಡಾ. ಹೆಸರಿನಲ್ಲಿ ಕ್ಯಾಮೆರಾ ಇದ್ದರೂ ಇದು ಚಿತ್ರ ತೆಗೆಯುವ ಯಂತ್ರವಲ್ಲ. ಕೋಲಿನ ತುದಿಯಲ್ಲಿ ಸಿಕ್ಕಿಸಿದ ಒಂದು ಸಣ್ಣ ಗಾಜಿನ ಪಟ್ಟಕ. ಅದರ ಅಂಚಿನಿಂದ ಕೆಳಗೆ ನೋಡಿದರೆ ಎದುರಿನ ಗುಡಿಯ ಬಿಂಬ ಕೆಳಗಿನ ಕಾಗದದ ಮೇಲೆ ಬಿದ್ದಂತೆ ತೋರುತ್ತದೆ; ಅದೇ ಹೊತ್ತಿಗೆ ಪೆನ್ಸಿಲಿನ ಮೊನೆಯೂ ಕಾಣುತ್ತದೆ. ಬಿಂಬದ ಗುಂಟ ಗೆರೆ ಎಳೆದರಾಯಿತು. ಆದರೆ ತಲೆ ಸ್ವಲ್ಪ ಅಲುಗಿದರೆ ಗುಡಿಯೂ ಅಲುಗುತ್ತದೆ. ಹೀಗಾಗಿ ಯಂತ್ರ ಎಷ್ಟೇ ಸಹಾಯ ಮಾಡಿದರೂ ಯಾವ ಗೆರೆ ಬೇಕು, ಯಾವುದು ಬೇಡ ಎಂದು ತೀರ್ಮಾನಿಸುವುದು ಬರೆಯುವವನ ಕಣ್ಣೇ.

ಒಂದು ಗುಡಿ, ಎರಡು ಓದು

ಐಹೊಳೆಯ ದುರ್ಗದ ಗುಡಿ ಈ ಕಥೆಯ ಕೇಂದ್ರ. ಆನೆಯ ಬೆನ್ನಿನಂತೆ ಹಿಂಭಾಗ ದುಂಡಾಗಿರುವ ಈ ಗುಡಿಯನ್ನು ವಾಸ್ತುಶಾಸ್ತ್ರದಲ್ಲಿ ಗಜಪೃಷ್ಠ ಎನ್ನುತ್ತಾರೆ. ಹಿಂದಿನಿಂದ ನೋಡಿದರೆ ಅಜಂತಾ, ಕಾರ್ಲೆಗಳ ಬೌದ್ಧ ಚೈತ್ಯಾಲಯಗಳ ನೆನಪಾಗುವುದು ಸಹಜ. ಐಹೊಳೆಯನ್ನು ಮುಖ್ಯವಾಗಿ ಛಾಯಾಚಿತ್ರಗಳ ಮೂಲಕವೇ ಓದಿದ ಫರ್ಗ್ಯುಸನ್‌ನಿಗೂ ಹಾಗೆಯೇ ಆಯಿತು. ಬೌದ್ಧ ಚೈತ್ಯದ ರೂಪವೇ ಮುಂದೆ ಹಿಂದೂ ದೇವಾಲಯವಾಗಿ ಬೆಳೆಯಿತು ಎಂಬ ತನ್ನ ವಾದಕ್ಕೆ ಅವನು ಇದನ್ನು ಸಾಕ್ಷಿಯಾಗಿ ಹಿಡಿದ. ಆ ವಾದ ಬಹುಕಾಲ ಪಠ್ಯಪುಸ್ತಕಗಳಲ್ಲಿ ಉಳಿಯಿತು.

1874ರ ಜನವರಿಯಿಂದ ಮೇ ತನಕ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಪುರಾತತ್ವ ಸರ್ವೇಕ್ಷಣೆಯ ಮೊದಲ ಹಂಗಾಮಿನ ಕೆಲಸ ನಡೆಸಿದ. ಇಂದಿನ ಬಾಗಲಕೋಟೆ ಜಿಲ್ಲೆಯ ಊರುಗಳು ಆಗ ಕಲಾದಗಿ ಜಿಲ್ಲೆಯಲ್ಲಿದ್ದವು. 1885ರಲ್ಲಿ ಜಿಲ್ಲಾ ಕೇಂದ್ರ ವಿಜಾಪುರಕ್ಕೆ ಹೋಯಿತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಬರ್ಜೆಸ್‌ನ ತಂಡವೂ ಛಾಯಾಚಿತ್ರ ತೆಗೆಯಿತು. ಆದರೆ ಅದರ ಜೊತೆಗೆ ಅಳತೆಪಟ್ಟಿ ಮತ್ತು ತೂಗುಗುಂಡು ಹಿಡಿದು ಗವಿಗಳನ್ನೂ ಗುಡಿಗಳನ್ನೂ ಅಳೆದು ನಕ್ಷೆಗಳನ್ನು ಬರೆಯಿತು.

ಅಳತೆಯ ಚಿತ್ರದಲ್ಲಿ ಮೂರು ಬಗೆ. ಕಟ್ಟಡವನ್ನು ಸೊಂಟದ ಮಟ್ಟದಲ್ಲಿ ಅಡ್ಡಲಾಗಿ ಕೊಯ್ದು ಮೇಲಿನಿಂದ ನೋಡಿದಂತೆ ಬರೆದರೆ ತಳನಕ್ಷೆ. ಮೇಲಿನಿಂದ ಕೆಳಗೆ ಸೀಳಿ ಒಳಗನ್ನು ತೋರಿಸಿದರೆ ಸೀಳುನೋಟ. ಎದುರಿನಿಂದ, ದೂರ-ಹತ್ತಿರದ ಭೇದವಿಲ್ಲದೆ, ಎಲ್ಲ ಭಾಗಗಳನ್ನೂ ಒಂದೇ ಪ್ರಮಾಣದಲ್ಲಿ ಬರೆದರೆ ಮುಂಭಾಗದ ನೋಟ. ಈ ಮೂರನ್ನೂ ಯಾವ ಕಣ್ಣೂ ನೇರವಾಗಿ ಕಾಣಲಾರದು, ಯಾವ ಕ್ಯಾಮೆರಾವೂ ತೆಗೆಯಲಾರದು. ಬಾದಾಮಿಯ ಗವಿಗಳ ಒಳಗಿನ ಕತ್ತಲೆಯಲ್ಲಿ ಅಂದಿನ ಕ್ಯಾಮೆರಾ ಹೆಚ್ಚೇನೂ ಮಾಡುವಂತಿರಲಿಲ್ಲ. ಹಣತೆ ಹಿಡಿದು ಕಂಬದಿಂದ ಕಂಬಕ್ಕೆ ಅಳೆಯುವುದೇ ದಾರಿ.

ದುರ್ಗದ ಗುಡಿಯ ತಳನಕ್ಷೆ ನೋಡಿದರೆ ಛಾಯಾಚಿತ್ರ ಹೇಳದ ಮಾತು ಗೊತ್ತಾಗುತ್ತದೆ. ದುಂಡನೆಯ ಹಿಂಭಾಗದೊಳಗೆ ಇರುವುದು ಸ್ತೂಪವಲ್ಲ, ಗರ್ಭಗುಡಿ. ಅದರ ಸುತ್ತ ಪ್ರದಕ್ಷಿಣೆಯ ಹಾದಿ, ಅದರಾಚೆ ಮತ್ತೆ ಕಂಬಗಳ ಸಾಲು. ಹೊರಜಗಲಿಯ ಗೂಡುಗಳಲ್ಲಿ ಮಹಿಷಮರ್ದಿನಿ, ವರಾಹ, ನರಸಿಂಹ, ಹರಿಹರ. ಇದು ಮೊದಲಿನಿಂದಲೂ ದೇವರ ಗುಡಿಯಾಗಿ ಹುಟ್ಟಿದ ಕಟ್ಟಡ. ಮುಂದೆ ಅಲ್ಲಿನ ಹೆಬ್ಬಾಗಿಲಿನ ಶಾಸನವನ್ನು ಓದಿದ ವಿದ್ವಾಂಸರು ಕೊಮಾರನೆಂಬವನು ಕಟ್ಟಿಸಿದ ಆದಿತ್ಯನ, ಅಂದರೆ ಸೂರ್ಯನ, ಗುಡಿ ಇದು ಎಂದರು. ಹೆಸರಿನಲ್ಲಿರುವ ದುರ್ಗ ದೇವಿಯಲ್ಲ, ಕೋಟೆ. ಗುಡಿಯ ಮಾಳಿಗೆಯ ಮೇಲೆ ಒಂದು ಕಾಲಕ್ಕೆ ಕಾವಲಿಗಾಗಿ ಒಡ್ಡಿದ ಕಲ್ಲಿನ ರಾಶಿ ಇತ್ತು. ಹಳೆಯ ಛಾಯಾಚಿತ್ರಗಳಲ್ಲಿ ಅದು ಕಾಣುತ್ತದೆ, ಈಗ ಇಲ್ಲ.

ಇಲ್ಲಿ ಕ್ಯಾಮೆರಾವನ್ನು ದೂರಿ ಲೇಖನಿಯನ್ನು ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ. ಆ ಕಲ್ಲಿನ ರಾಶಿಯ ನೆನಪನ್ನು ಉಳಿಸಿಕೊಟ್ಟದ್ದು ಛಾಯಾಚಿತ್ರವೇ. ಅಳತೆಯ ಚಿತ್ರಕ್ಕೆ ತನ್ನದೇ ದೌರ್ಬಲ್ಯವಿದೆ: ತನಗೆ ಮುಖ್ಯವಲ್ಲ ಎನಿಸಿದ್ದನ್ನು ಅದು ಬರೆಯುವುದೇ ಇಲ್ಲ. ಹತ್ತೊಂಬತ್ತನೆಯ ಶತಮಾನದ ಐಹೊಳೆಯಲ್ಲಿ ಗುಡಿಗಳ ಒಳಗೂ ಮಗ್ಗುಲಿಗೂ ಜನ ಬಾಳುತ್ತಿದ್ದರು. ಲಾಡಖಾನನ ಗುಡಿಗೆ ಆ ಹೆಸರು ಬಂದದ್ದೇ ಅಲ್ಲಿ ವಾಸವಾಗಿದ್ದವನಿಂದ. ತಳನಕ್ಷೆಯಲ್ಲಿ ಅವನ ಒಲೆಯೂ ಇಲ್ಲ, ಗುಡಿಯ ಗೋಡೆಗೆ ಆತುಕೊಂಡ ಮನೆಯೂ ಇಲ್ಲ. ಕಾಗದದ ಮೇಲೆ ಗುಡಿ ಒಂಟಿಯಾಗಿ, ಚೊಕ್ಕಟವಾಗಿ ನಿಂತಿತು. ಕಾಲಕ್ರಮದಲ್ಲಿ ನೆಲದ ಮೇಲೂ ಹಾಗೆಯೇ ನಿಲ್ಲಿಸುವ ಕೆಲಸ ನಡೆಯಿತು. ಮನೆಗಳು ತೆರವಾದವು, ಸುತ್ತ ಹುಲ್ಲುಹಾಸು, ತಂತಿಬೇಲಿ ಬಂದವು. ಐಹೊಳೆಯ ಜನರ ಸ್ಥಳಾಂತರದ ಮಾತು ದಶಕಗಳ ಕಾಲ ನಡೆದಿದೆ. ಚಿತ್ರದಲ್ಲಿ ಇಲ್ಲದವರಿಗೆ ಊರಿನಲ್ಲೂ ಜಾಗ ಕಡಿಮೆಯಾಗುತ್ತದೆ ಎಂಬುದು ಈ ಇತಿಹಾಸದ ಕಹಿ ಪಾಠ.

ಹೆಸರಿಲ್ಲದ ಕೈಗಳು

ಈ ಚಿತ್ರಗಳನ್ನು ನಿಜವಾಗಿ ಬರೆದವರು ಯಾರು? 1859ರಲ್ಲಿ ಅಚ್ಚಾದ ವಿಜಾಪುರದ ಕಟ್ಟಡಗಳ ಭವ್ಯ ಚಿತ್ರಸಂಪುಟದ ಮುಖಪುಟದಲ್ಲಿ ಕ್ಯಾಪ್ಟನ್ ಹಾರ್ಟ್, ಎಂಜಿನಿಯರ್ ಕಮಿಂಗ್ ಇವರ ಹೆಸರುಗಳ ಜೊತೆಗೆ 'ದೇಶೀ ನಕ್ಷೆಗಾರರು' ಎಂಬ ಒಂದೇ ಮಾತಿದೆ. ಗೋಲಗುಮ್ಮಟದ ಕಮಾನುಗಳನ್ನು ಕೂದಲೆಳೆಯ ಗೆರೆಗಳಲ್ಲಿ ಬಿಡಿಸಿದ ಆ ಕೈಗಳಿಗೆ ಹೆಸರಿಲ್ಲ. ಬರ್ಜೆಸ್‌ನ ನಂತರ ಬಂದ ಹೆನ್ರಿ ಕಝೆನ್ಸ್ ಈ ಭಾಗದಲ್ಲಿ ದಶಕಗಳ ಕಾಲ ದುಡಿದು, ವಿಜಾಪುರದ ಬಗ್ಗೆ 1916ರಲ್ಲಿ, ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಬಗ್ಗೆ 1926ರಲ್ಲಿ ಗ್ರಂಥಗಳನ್ನು ಹೊರತಂದ. ಅವುಗಳ ಫಲಕಗಳಿಗಾಗಿ ಬಿಸಿಲಿನಲ್ಲಿ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದವರ ಕಥೆಯೂ ಅಷ್ಟೇ.

ಹನ್ನೆರಡು ಶತಮಾನಗಳ ಹಿಂದೆ ಗುಂಡನ ಹೆಸರನ್ನು ಗುಡಿಯ ಮೇಲೆ ಕೆತ್ತಿ ಗೌರವಿಸಿದ ನಾಡಿನಲ್ಲಿ, ಅದೇ ಗುಡಿಯನ್ನು ಕಾಗದಕ್ಕೆ ಇಳಿಸಿದವರು ಅನಾಮಿಕರಾದರು. ದಾರ ಹಿಡಿದವನು ಸೂತ್ರಧಾರಿ ಎನಿಸಿಕೊಂಡಿದ್ದ. ಅಳತೆಪಟ್ಟಿ ಹಿಡಿದವನು ಸಂಬಳದ ಪಟ್ಟಿಯಲ್ಲಿ ಕಳೆದುಹೋದ.

ಮಸುಕಾಗುವ ಮೂಲ, ಉಳಿಯುವ ಪ್ರತಿ

ಬಾದಾಮಿಯ ಮೂರನೆಯ ಗವಿಯಲ್ಲಿ ಮಂಗಳೇಶನ ಶಾಸನವಿದೆ. ಶಕವರ್ಷ 500, ಅಂದರೆ ಕ್ರಿ.ಶ. 578. ಅದರ ಚಾಚುಸೂರಿನ ಒಳಮೈಯಲ್ಲಿ ವರ್ಣಚಿತ್ರಗಳ ತುಣುಕುಗಳು ಉಳಿದಿದ್ದವು. ಕಲಾ ಇತಿಹಾಸಕಾರ್ತಿ ಸ್ಟೆಲ್ಲಾ ಕ್ರಾಮ್ರಿಷ್ 1936ರಲ್ಲಿ ಅವುಗಳ ಬಗ್ಗೆ ಬರೆದು ವಿದ್ವಾಂಸರ ಗಮನ ಸೆಳೆದರು. ಮುಂಬಯಿಯ ಜೆ.ಜೆ. ಕಲಾಶಾಲೆಯ ಜೆ.ಎಂ. ಅಹಿವಾಸಿ ಅವುಗಳ ಪ್ರತಿ ಬರೆದರು. ಇಂದು ಗವಿಗೆ ಹೋದವರು ತಲೆಯೆತ್ತಿ ಎಷ್ಟೇ ಹೊತ್ತು ನೋಡಿದರೂ ಕೆಲವು ಬಣ್ಣದ ಛಾಯೆಗಳನ್ನು ಬಿಟ್ಟು ಹೆಚ್ಚೇನೂ ಕಾಣದು. ಗಾಳಿ, ತೇವ, ಬಾವಲಿ ಮತ್ತು ಮನುಷ್ಯ ಸೇರಿ ಅಳಿಸಿದ್ದನ್ನು ತಿಳಿಯಲು ಪ್ರತಿಯೇ ಆಧಾರ.

ಪ್ರತಿಗಳಿಗೂ ಆಪತ್ತು ತಪ್ಪಿದ್ದಲ್ಲ. ಅಜಂತಾದ ಚಿತ್ರಗಳನ್ನು ರಾಬರ್ಟ್ ಗಿಲ್ ಸುಮಾರು ಇಪ್ಪತ್ತು ವರ್ಷ ಕುಳಿತು ಬರೆದಿದ್ದ. ಅವುಗಳಲ್ಲಿ ಹೆಚ್ಚಿನವು ಲಂಡನ್ನಿನ ಸ್ಫಟಿಕ ಅರಮನೆಯಲ್ಲಿ 1866ರಲ್ಲಿ ಬಿದ್ದ ಬೆಂಕಿಗೆ ಆಹುತಿಯಾದವು. ಕಲ್ಲಿನ ಮೇಲಿದ್ದದ್ದು ಮಸುಕಾಯಿತು, ಕ್ಯಾನ್ವಾಸಿನ ಮೇಲಿದ್ದದ್ದು ಸುಟ್ಟಿತು. ಯಾವುದನ್ನೂ ಒಂದೇ ಬಾರಿ ಬರೆದರೆ ಸಾಲದು, ಪ್ರತಿ ತಲೆಮಾರೂ ಮತ್ತೆ ಬರೆಯಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಾಗೆ ಮತ್ತೆ ಬರೆದವರಲ್ಲಿ ಆಸ್ಟ್ರೇಲಿಯಾ ಮೂಲದ ವಾಸ್ತುತಜ್ಞ ಜಾರ್ಜ್ ಮಿಷೆಲ್ ಪ್ರಮುಖರು. ಬಾದಾಮಿ ಚಾಲುಕ್ಯರ ಗುಡಿಗಳ ಬಗ್ಗೆ ಅವರ ಪುಸ್ತಕ 1975ರಲ್ಲಿ ಬಂತು. ಬ್ರಿಟನ್ನಿನ ಆಡಂ ಹಾರ್ಡಿ 1995ರ ತಮ್ಮ ಗ್ರಂಥದಲ್ಲಿ ಕರ್ಣಾಟ ದ್ರಾವಿಡ ಗುಡಿಗಳನ್ನು ಲೇಖನಿಯ ಗೆರೆಗಳಲ್ಲಿ ಬಿಚ್ಚಿ ತೋರಿಸಿದರು. ಶಿಖರವೆಂದರೆ ಅಲಂಕಾರದ ರಾಶಿಯಲ್ಲ, ಒಂದರೊಳಗಿಂದ ಒಂದು ಹೊರಹೊಮ್ಮುವ ಚಿಕ್ಕ ಗುಡಿಗಳ ಸಮೂಹ ಎಂಬುದು ಅವರ ಚಿತ್ರಗಳನ್ನು ನೋಡಿದಾಗ ಥಟ್ಟನೆ ಹೊಳೆಯುತ್ತದೆ. ಶಿಲ್ಪಿಗಳು ಕಲ್ಲಿನಲ್ಲಿ ಹೇಳಿದ್ದನ್ನು ಬರೆದು ಬರೆದೇ ಮತ್ತೆ ತಿಳಿದುಕೊಳ್ಳಬೇಕಾಯಿತು.

ಕಲ್ಲಿನದೇ ಬಣ್ಣ

ಕನ್ನಡದ ಕಲಾವಿದರಿಗೆ ಈ ನೆಲ ಪಾಠಶಾಲೆಯೇ ಆಗಿದೆ. ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ ಒಂದು ತಲೆಮಾರಿನ ಕಲಾವಿದರನ್ನು ರೂಪಿಸಿದ ಆರ್.ಎಂ. ಹಡಪದ ಹುಟ್ಟಿದ್ದು ಬಾದಾಮಿಯಲ್ಲಿ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಗಿ, ಗದಗಿನಲ್ಲಿ ಟಿ.ಪಿ. ಅಕ್ಕಿ ಇವರು ಕಟ್ಟಿದ ಕಲಾಶಾಲೆಗಳಿಂದಾಗಿ ಚಿತ್ರಕಲೆಯ ಶಿಕ್ಷಣ ಉತ್ತರ ಕರ್ನಾಟಕದ ಸಣ್ಣ ಊರುಗಳ ಹುಡುಗರಿಗೂ ಎಟುಕಿತು.

ಬಾದಾಮಿಯ ಬಂಡೆ ಜಲವರ್ಣಕ್ಕೆ ಹೇಳಿ ಮಾಡಿಸಿದ್ದು ಎಂದು ಚಿತ್ರಕಾರರು ಹೇಳುವುದಕ್ಕೆ ಕಾರಣವಿದೆ. ಮರಳುಗಲ್ಲು ಪದರ ಪದರವಾಗಿ ಕುಳಿತ ಕಲ್ಲು. ಜಲವರ್ಣವೂ ಪದರದ ಮೇಲೆ ಪದರವಾಗಿ ಕೂರುವ ಬಣ್ಣ. ಮೊದಲು ತೆಳುವಾದ ಹಳದಿ, ಒಣಗಿದ ಮೇಲೆ ಕೆಂಪು, ನೆರಳಿಗೆ ಕೊನೆಯಲ್ಲಿ ನೀಲಿ ಬೆರೆತ ಕಂದು. ಬೆಳಕು ಬೀಳುವ ಕಡೆ ಬಿಳಿ ಹಚ್ಚುವುದಿಲ್ಲ, ಕಾಗದವನ್ನೇ ಬಿಡುತ್ತಾರೆ. ಬಂಡೆಗೆ ಕೆಂಪು ಬಂದದ್ದು ಕಬ್ಬಿಣದ ಅಂಶದಿಂದ. ಬಣ್ಣದ ಪೆಟ್ಟಿಗೆಯ ಕಾವಿ, ಸಿಯೆನ್ನಾಗಳೂ ಕಬ್ಬಿಣದ ಮಣ್ಣೇ. ಕಲ್ಲನ್ನು ಅದರದೇ ಬಣ್ಣದಲ್ಲಿ ಬರೆದಂತಾಯಿತು. ತೊಡಕೂ ಇದೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಕುಂಚ ಎತ್ತುವುದರೊಳಗೆ ಬಣ್ಣ ಒಣಗುತ್ತದೆ. ಅದಕ್ಕೇ ಬೆಳಗಿನ ಗಡಿಬಿಡಿ.

ಸೂಜಿಯ ಗೋಪುರ

ಕಾಗದ, ಕುಂಚಗಳ ಕಥೆಯಲ್ಲಿ ಇಲ್ಲಿನ ಹೆಣ್ಣುಮಕ್ಕಳ ಕೈ ಕಾಣದಿರಬಹುದು. ಆದರೆ ಅವರು ಗುಡಿಗಳನ್ನು ಬರೆದದ್ದು ಬೇರೆ ಕಡೆ. ಇಳಕಲ್ಲ ಸೀರೆಯ ಕೆಂಪು ಸೆರಗಿನ ಮೇಲೆ ಬಿಳಿ ಎಳೆಗಳಲ್ಲಿ ಏಳುವ ಮೊನೆಗಳು ಗುಡಿಯ ಗೋಪುರಗಳ ಸಾಲನ್ನು ನೆನಪಿಸುತ್ತವೆ. ಅದೇ ಸೀರೆಯ ಮೇಲೆ ಹೆಂಗಸರು ಕಸೂತಿ ಹಾಕಿದರು: ಗೋಪುರ, ತೇರು, ತುಳಸಿಕಟ್ಟೆ. ಕಸೂತಿಗೆ ಮೊದಲೇ ಗೆರೆ ಎಳೆದುಕೊಳ್ಳುವ ಪದ್ಧತಿಯಿಲ್ಲ. ಬಟ್ಟೆಯ ಎಳೆ ಎಣಿಸಿಯೇ ಸೂಜಿ ಚುಚ್ಚಬೇಕು. ಗಾವಂತಿ ಹೊಲಿಗೆಯಲ್ಲಿ ಎರಡೂ ಬದಿಗೆ ಒಂದೇ ಚಿತ್ರ ಮೂಡಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಎಳೆ ಎಣಿಸುವ ಈ ಲೆಕ್ಕಕ್ಕೂ ಸೂತ್ರಧಾರಿಯ ದಾರದ ಲೆಕ್ಕಕ್ಕೂ ನಂಟು ದೂರದ್ದೇನಲ್ಲ.

ಬರೆಯದೆ ಉಳಿದ ಊರು

ಪಟ್ಟದಕಲ್ಲಿನ ಗುಡಿಗಳು 1987ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅವುಗಳಿಗೆ ಕಾವಲಿದೆ, ನಕ್ಷೆಗಳಿವೆ, ಗ್ರಂಥಗಳಿವೆ. ಆದರೆ ಇದೇ ಜಿಲ್ಲೆಯ ಇನ್ನೊಂದು ಬಗೆಯ ಕಟ್ಟಡಗಳಿಗೆ ಇದಾವುದೂ ಇರಲಿಲ್ಲ. ಘಟಪ್ರಭೆಯ ದಡದ ಹಳೆಯ ಬಾಗಲಕೋಟೆಯ ಓಣಿಗಳಲ್ಲಿ ಮಣ್ಣಿನ ಮಾಳಿಗೆಯ ಮನೆಗಳಿದ್ದವು: ತೊಲೆ, ಜಂತಿ, ಕೆತ್ತನೆಯ ಕಂಬ, ದನ ಕಟ್ಟುವ ಜಾಗದ ಮೇಲೆ ಎತ್ತರದ ಪಡಸಾಲೆ, ಮಾಳಿಗೆಯ ಗವಾಕ್ಷಿಯಿಂದ ಒಳಗೆ ಬೀಳುವ ಬೆಳಕಿನ ಕೋಲು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಈ ಊರಿನ ಹಣೆಬರಹ ಬದಲಿಸಿತು. ಅಣೆಕಟ್ಟಿನಲ್ಲಿ 519.6 ಮೀಟರ್ ಮಟ್ಟಕ್ಕೆ ನೀರು ನಿಂತಾಗ ಊರಿನ ತಗ್ಗಿನ ಭಾಗಗಳು ಮುಳುಗಿದವು. ಜನ ನವನಗರಕ್ಕೆ ಹೋದರು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣ 524.256 ಮೀಟರಿಗೆ ಒಪ್ಪಿಗೆ ಕೊಟ್ಟ ಮೇಲೆ ಇನ್ನಷ್ಟು ಮನೆಗಳ ಲೆಕ್ಕ ಶುರುವಾಯಿತು.

ನವನಗರವನ್ನು ಕಟ್ಟುವ ಮುನ್ನ ಅದರ ನಕ್ಷೆ ಬರೆದರು. ಖ್ಯಾತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದರ ಯೋಜನೆಯಲ್ಲಿ ಕೆಲಸ ಮಾಡಿದರು. ಬಿಡುವ ಊರನ್ನೂ ಅಳೆದರು, ಆದರೆ ಪರಿಹಾರಕ್ಕಾಗಿ. ಗೋಡೆ ಎಷ್ಟು ಉದ್ದ, ತೊಲೆ ಯಾವ ಮರದ್ದು, ಬೆಲೆ ಎಷ್ಟು. ಆ ಲೆಕ್ಕದಲ್ಲಿ ಗವಾಕ್ಷಿಯ ಬೆಳಕಿಗೆ ದರ ಇರಲಿಲ್ಲ. ಬರ್ಜೆಸ್‌ನ ತಂಡ ಗುಡಿಗೆ ತೋರಿಸಿದ ಶ್ರದ್ಧೆಯ ಹತ್ತರಲ್ಲೊಂದು ಪಾಲು ಈ ಮನೆಗಳಿಗೆ ಸಿಕ್ಕಿದ್ದರೆ, ಮುಳುಗಿದ ಓಣಿಗಳನ್ನು ಮೊಮ್ಮಕ್ಕಳು ಕಾಗದದ ಮೇಲಾದರೂ ನಡೆಯಬಹುದಿತ್ತು.

ಹುನಗುಂದ, ಇಳಕಲ್ಲ, ಗುಳೇದಗುಡ್ಡಗಳ ಓಣಿಗಳಲ್ಲಿ ಇಂತಹ ಮನೆಗಳು ಇನ್ನೂ ಇವೆ. ಪಡಸಾಲೆಯಲ್ಲಿ ಕುಣಿಮಗ್ಗ ಇರುವ ನೇಕಾರರ ಮನೆಗಳಿವೆ. ಅವುಗಳಿಗೆ ನೀರಿನ ಭಯವಿಲ್ಲ. ಸಿಮೆಂಟಿನ ಮಾಳಿಗೆಯ ಆಸೆ ಇದೆ, ಅದು ತಪ್ಪೂ ಅಲ್ಲ. ಮಳೆಗೆ ಸೋರುವ ಮಣ್ಣಿನ ಮಾಳಿಗೆಯ ಕೆಳಗೆ ಯಾರೂ ಪರಂಪರೆಗಾಗಿ ಮಲಗಬೇಕಿಲ್ಲ. ಆದರೆ ಕೆಡವುವ ಮುನ್ನ ಒಂದು ಬೆಳಗ್ಗೆ ಯಾರಾದರೂ ಎದುರು ಕಟ್ಟೆಯ ಮೇಲೆ ಕುಳಿತು ಬರೆದುಕೊಳ್ಳಲು ಅಡ್ಡಿಯಿಲ್ಲ. ಭೂತನಾಥನ ಗುಡಿಯನ್ನು ಸಾವಿರ ಜನ ಬರೆದಿದ್ದಾರೆ, ಇನ್ನೂ ಸಾವಿರ ಜನ ಬರೆಯುತ್ತಾರೆ. ಹೊಂಡದ ಮೆಟ್ಟಿಲಿನಿಂದ ಎದ್ದ ವಿದ್ಯಾರ್ಥಿ ಅದೇ ಹಲಗೆ, ಅದೇ ಲೋಟ ಹಿಡಿದು ಊರೊಳಗಿನ ಓಣಿಗೆ ಹೊರಳಿದರೆ, ಇದುವರೆಗೆ ಯಾರೂ ಬರೆಯದ ಒಂದು ಬಾಗಿಲು ಅಲ್ಲಿ ಕಾದಿರುತ್ತದೆ.